ಕಲೆಗಳ ಸಹವಾಸ: ಸೃಷ್ಟಿಶಕ್ತಿಯ ಸಂಸ್ಕಾರವನ್ನು ಕುರಿತು ಕೆಲವು ಐತಿಹಾಸಿಕ ವಿಚಾರಗಳು

೧

ಕಲಾಸೃಷ್ಟಿಯ ಮೂಲ ಯಾವುದು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಅದು ಹುಟ್ಟಿನೊಡನೆ ಬರತಕ್ಕ ವರ. ಉಳ್ಳವರಿಗೆ ಕಲಿಸಬೇಕಾದುದಿಲ್ಲ, ಇಲ್ಲದವರಿಗೆ ಕಲಿಸಿ ಫಲವಿಲ್ಲ ಎಂಬುದು ಒಂದು. ಅದು ಕೈಯ ಪಳಗಿಕೆ. ದೀರ್ಘಕಾಲ ಒಂದೇ ಕಸುಬಿಗೆ ಅಂಟಿಕೊಂಡವನಿಗೆ ತಾನಾಗಿಯೇ ಒಲಿಯುತ್ತದೆ ಎಂಬುದು ಇನ್ನೊಂದು. ಈ ಎರಡು ಮತಗಳೂ ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಂಡರೂ ಒಂದು ವಿಷಯದಲ್ಲಿ ಒಮ್ಮತವುಳ್ಳವು. ಶಿಲ್ಪಿಗೆ ಸಂಗೀತದಿಂದ ಆಗಬೇಕಾದುದೇನೂ ಇಲ್ಲ, ಚಿತ್ರಕಾರನಿಗೆ ನೃತ್ಯದ ಹಂಗಿಲ್ಲ, ಕವಿಯು ಕುಂಚವನ್ನು ಕಂಡಿರಬೇಕಾದ ಅಗತ್ಯವಿಲ್ಲ ಎಂಬ ಭಾವನೆ ಎರಡರಲ್ಲಿಯೂ ಅಡಗಿದೆ. ನಮ್ಮ ವಿದ್ಯಾಸಂಸ್ಥೆಗಳ ಪಾಠಕ್ರಮಗಳೂ ಬಹುಮಟ್ಟಿಗೆ ಈ ಭಾವನೆಯನ್ನೇ ಅನುಸರಿಸಿ ರಚಿತವಾಗಿವೆ. ಸಂಗೀತಕ್ಕೆ ಒಂದು ಕಟ್ಟಡ, ಚಿತ್ರಕ್ಕೆ ಇನ್ನೊಂದು, ಸಾಹಿತ್ಯಕ್ಕೆ ಮತ್ತೊಂದು. ಇವುಗಳ ನಡುವೆ ಗೋಡೆಗಳಿವೆ, ಬಾಗಿಲುಗಳು ವಿರಳ.

ಭಾರತೀಯ ಶಾಸ್ತ್ರಕಾರರಲ್ಲಿ ಕೆಲವರು ಇದಕ್ಕಿಂತ ಭಿನ್ನವಾದ ಮೂರನೆಯ ಮತವೊಂದನ್ನು ಹಿಡಿದಿದ್ದರು. ಒಂದು ಕಲೆಯಲ್ಲಿ ಹೊಸದನ್ನು ಕಾಣುವ ಶಕ್ತಿಯು ಅದರ ನೆರೆಯ ಕಲೆಗಳ ಪರಿಚಯದಿಂದ ಬೆಳೆಯುತ್ತದೆ ಎಂಬುದೇ ಆ ಮತ. ಇದು ಗ್ರಂಥದೊಳಗಿನ ಆದರ್ಶ ಮಾತ್ರವೆ, ಅಥವಾ ಕಲಾವಿದರ ಜೀವನದಲ್ಲಿ ಇದಕ್ಕೆ ಆಧಾರವುಂಟೆ ಎಂಬುದನ್ನು, ವಿಶೇಷವಾಗಿ ಕರ್ನಾಟಕದ ಶಾಸನಗಳ ಮತ್ತು ದೇವಾಲಯಗಳ ಸಹಾಯದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಈ ಮತದ ಅತ್ಯಂತ ಸ್ಪಷ್ಟವಾದ ನಿರೂಪಣೆಯು ವಿಷ್ಣುಧರ್ಮೋತ್ತರ ಪುರಾಣದ ತೃತೀಯ ಖಂಡದಲ್ಲಿದೆ. ಈ ಖಂಡದಲ್ಲಿಯೇ 'ಚಿತ್ರಸೂತ್ರ'ವೆಂಬ ಪ್ರಸಿದ್ಧ ಭಾಗವು ಸೇರಿದೆ. ಸ್ಟೆಲ್ಲಾ ಕ್ರಾಮ್ರಿಶ್ ಅವರ ಇಂಗ್ಲಿಷ್ ಅನುವಾದವು ೧೯೨೪ರಲ್ಲಿ ಪ್ರಕಟವಾದಂದಿನಿಂದ ಇದು ಆಧುನಿಕ ವಿದ್ವಾಂಸರ ಗಮನವನ್ನು ವಿಶೇಷವಾಗಿ ಸೆಳೆಯಿತು. ಪ್ರಿಯಬಾಲಾ ಶಾ ಅವರು ಸಂಪಾದಿಸಿದ ಈ ಖಂಡದ ಪಾಠವು ೧೯೫೮ರಲ್ಲಿ ಬರೋಡದಿಂದ ಹೊರಬಂದಿತು.

ವಜ್ರನೆಂಬ ಅರಸನು ಮಾರ್ಕಂಡೇಯ ಮುನಿಯನ್ನು ಕುರಿತು, ದೇವತಾಪ್ರತಿಮೆಗಳನ್ನು ನಿರ್ಮಿಸುವ ಕ್ರಮವನ್ನು ತನಗೆ ತಿಳಿಸಬೇಕೆಂದು ಬೇಡುತ್ತಾನೆ. ಮುನಿಯು ಪ್ರತಿಮೆಯ ಲಕ್ಷಣವನ್ನು ಹೇಳತೊಡಗುವುದಿಲ್ಲ. ಚಿತ್ರಸೂತ್ರವನ್ನು ಅರಿಯದವನಿಗೆ ಪ್ರತಿಮಾಲಕ್ಷಣವು ತಿಳಿಯದೆಂದು ಹೇಳುತ್ತಾನೆ. ಹಾಗಾದರೆ ಚಿತ್ರಸೂತ್ರವನ್ನೇ ಹೇಳಬೇಕೆಂದರೆ, ನೃತ್ತಶಾಸ್ತ್ರವಿಲ್ಲದೆ ಅದು ದುರ್ಗ್ರಾಹ್ಯವೆನ್ನುತ್ತಾನೆ. ನೃತ್ತಕ್ಕೆ ವಾದ್ಯದ ಜ್ಞಾನ ಬೇಕು, ವಾದ್ಯಕ್ಕೆ ಗೀತದ ಜ್ಞಾನ ಬೇಕು. ಹೀಗೆ ಕಲ್ಲಿನ ವಿಷಯವನ್ನು ಕೇಳಹೋದ ಅರಸನು ಕೊನೆಗೆ ಹಾಡಿನ ಬಳಿಗೆ ಬಂದು ನಿಲ್ಲುತ್ತಾನೆ. ಗ್ರಂಥದ ವಿನ್ಯಾಸವೂ ಈ ಸಂವಾದಕ್ಕೆ ಅನುಗುಣವಾಗಿಯೇ ಇದೆ. ಭಾಷೆ, ಛಂದಸ್ಸು, ಅಲಂಕಾರ, ರೂಪಕ ಇವುಗಳ ವಿವೇಚನೆ ಮೊದಲು; ಬಳಿಕ ಗೀತ, ವಾದ್ಯ, ನೃತ್ತ; ಅನಂತರ ಚಿತ್ರ; ಅದಾದ ಮೇಲೆ ಪ್ರತಿಮೆ; ಕಟ್ಟಕಡೆಗೆ ದೇವಾಲಯ ನಿರ್ಮಾಣ.

ಈ ಸಂವಾದವನ್ನು ಕಲೆಗಳ ಏಕತೆಯನ್ನು ಸಾರುವ ಭಾವುಕವಾದ ಹೇಳಿಕೆಯೆಂದು ಬಗೆಯುವವರುಂಟು. ಮೆಟ್ಟಿಲುಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಇದು ಕೇವಲ ವ್ಯಾವಹಾರಿಕವಾದ ಪಾಠಕ್ರಮವೆಂಬುದು ತಿಳಿಯುತ್ತದೆ. ಗೀತವು ಕಾಲದಲ್ಲಿ ಚಲಿಸುವ ಕಲೆ. ವಾದ್ಯವು, ಅದರಲ್ಲಿಯೂ ಅವನದ್ಧ ಮತ್ತು ಘನವಾದ್ಯಗಳು, ಆ ಕಾಲವನ್ನು ಅಳೆದು ತಾಳದ ರೂಪದಲ್ಲಿ ನಮ್ಮ ಮುಂದಿಡುತ್ತವೆ. ನೃತ್ತವು ಅಳೆದ ಕಾಲವನ್ನು ಶರೀರದಲ್ಲಿ ತುಂಬುತ್ತದೆ. ಚಿತ್ರವು ಚಲಿಸುವ ಆ ಶರೀರವನ್ನು ಒಂದು ಕ್ಷಣದಲ್ಲಿ ಹಿಡಿದು ಸಮತಲದ ಮೇಲೆ ನಿಲ್ಲಿಸುತ್ತದೆ. ಪ್ರತಿಮೆಯು ಸಮತಲದ ಆಕೃತಿಗೆ ತೂಕವನ್ನೂ ಗಾತ್ರವನ್ನೂ ಕೊಡುತ್ತದೆ. ಹೀಗೆ ಪ್ರತಿಯೊಂದು ಕಲೆಯೂ ತನ್ನ ಮುಂದಿನ ಕಲೆಗೆ, ಆ ಕಲೆಯು ತಾನಾಗಿ ಪಡೆಯಲಾರದ ಒಂದು ವಸ್ತುವನ್ನು ಒದಗಿಸುತ್ತದೆ. ಕಲ್ಲಿನಲ್ಲಿ ಚಲನೆ ಇಲ್ಲ. ಶಿಲ್ಪಿಯು ಅದನ್ನು ನರ್ತಕಿಯಿಂದಲೇ ಪಡೆಯಬೇಕು. ನರ್ತಕಿಯ ಚಲನೆಗೆ ಸ್ವತಂತ್ರವಾದ ಅಳತೆಯಿಲ್ಲ. ಆಕೆಯು ಅದನ್ನು ಮದ್ದಳೆಯಿಂದ ಪಡೆಯಬೇಕು.

ಚಿತ್ರಸೂತ್ರದ ಒಳಗೆ ಹೋದರೆ ಈ ಸಂಬಂಧವು ಇನ್ನೂ ನಿಖರವಾಗುತ್ತದೆ. ನೃತ್ತದಲ್ಲಿ ಹೇಳಿರುವ ದೃಷ್ಟಿಗಳು, ಭಾವಗಳು, ಅಂಗೋಪಾಂಗಗಳು, ಹಸ್ತಗಳು ಇವೆಲ್ಲವೂ ಚಿತ್ರಕ್ಕೂ ಅನ್ವಯಿಸುತ್ತವೆಂಬುದು ಅದರ ಅಭಿಪ್ರಾಯ. ಮನುಷ್ಯಾಕೃತಿಯನ್ನು ನಿಲ್ಲಿಸುವ ಒಂಬತ್ತು ಸ್ಥಾನಗಳನ್ನು ಅದು ವಿವರಿಸುತ್ತದೆ. ದೇಹವು ತಿರುಗಿದಂತೆ ಅವಯವಗಳು ಕುಗ್ಗಿಯೂ ಹಿಗ್ಗಿಯೂ ತೋರುವ ರೀತಿಯನ್ನು 'ಕ್ಷಯವೃದ್ಧಿ' ಎಂಬ ಹೆಸರಿನಿಂದ ನಿರೂಪಿಸುತ್ತದೆ. ಇದಲ್ಲದೆ ಒಳ್ಳೆಯ ಚಿತ್ರಕಾರನಿಗೆ ಅದು ಒಡ್ಡುವ ಪರೀಕ್ಷೆಗಳು ಗಮನಾರ್ಹವಾಗಿವೆ. ನಿದ್ರಿಸುತ್ತಿರುವವನಲ್ಲಿ ಚೇತನವಿರುವುದನ್ನೂ ಸತ್ತವನಲ್ಲಿ ಅದು ಇಲ್ಲದಿರುವುದನ್ನೂ ತೋರಿಸಬಲ್ಲವನು, ಗಾಳಿಗೆ ಅಲುಗುವ ಬಾವುಟ, ಹೊಗೆ, ಜ್ವಾಲೆ, ಅಲೆ ಇವುಗಳನ್ನು ಚಿತ್ರಿಸಬಲ್ಲವನು ಚಿತ್ರವಿದನು. ಇವೆಲ್ಲವೂ ಚಲನೆಗೆ ಅಥವಾ ಚಲನೆಯ ಅಭಾವಕ್ಕೆ ಸಂಬಂಧಪಟ್ಟ ಪರೀಕ್ಷೆಗಳು. ಅಳತೆಗೋಲಿನಿಂದ ಇವುಗಳಲ್ಲಿ ಉತ್ತೀರ್ಣನಾಗುವುದು ಸಾಧ್ಯವಿಲ್ಲ.

೩

ಕಾವ್ಯಶಾಸ್ತ್ರದ ಕಡೆಗೆ ತಿರುಗಿದರೂ ಇಂಥದೇ ವಿಚಾರ ಕಾಣುತ್ತದೆ. ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳಿ, ಇವು ಮೂರೂ ಸೇರಿ ಕಾವ್ಯಕ್ಕೆ ಒಂದೇ ಕಾರಣವಾಗುತ್ತವೆಯೇ ಹೊರತು ಮೂರು ಬೇರೆ ಬೇರೆ ಕಾರಣಗಳಲ್ಲವೆಂದು ನಿರ್ಣಯಿಸುತ್ತಾನೆ. ಇಲ್ಲಿ ನಿಪುಣತೆಯೆಂದರೆ ಲೋಕವನ್ನೂ ಶಾಸ್ತ್ರಗಳನ್ನೂ ಕಾವ್ಯಗಳನ್ನೂ ಪರಿಶೀಲಿಸಿದುದರಿಂದ ಬಂದ ತಿಳಿವಳಿಕೆ. ಅದರಲ್ಲಿ ಕಲೆಗಳ ಪರಿಚಯವೂ ಸೇರಿದೆ.

ಆದರೆ ಸೃಷ್ಟಿಶಕ್ತಿಯನ್ನು ದಿನದಿನವೂ ಹೇಗೆ ಬೆಳೆಸಬೇಕೆಂಬುದನ್ನು ವಿವರವಾಗಿ ಹೇಳಿದವನು ರಾಜಶೇಖರ. ಕನೂಜಿನ ಪ್ರತೀಹಾರರ ಆಸ್ಥಾನದಲ್ಲಿದ್ದ ಈತನು ಕ್ರಿ. ಶ. ೯೦೦ರ ಸುಮಾರಿನಲ್ಲಿ ಬಾಳಿದವನು. ಈತನ 'ಕಾವ್ಯಮೀಮಾಂಸೆ'ಯಲ್ಲಿ ಕವಿಯ ಹಗಲನ್ನು ನಾಲ್ಕು ಯಾಮಗಳಾಗಿ ವಿಂಗಡಿಸಿದೆ. ಮೊದಲನೆಯ ಯಾಮವು ವಿದ್ಯೆಗಳ ಮತ್ತು ಉಪವಿದ್ಯೆಗಳ ವ್ಯಾಸಂಗಕ್ಕೆ, ಎರಡನೆಯದು ರಚನೆಗೆ, ಮಧ್ಯಾಹ್ನದ ಭೋಜನಾನಂತರ ಮೂರನೆಯದು ಕಾವ್ಯಗೋಷ್ಠಿಗೆ, ನಾಲ್ಕನೆಯದು ಬೆಳಗ್ಗೆ ರಚಿಸಿದುದನ್ನು ಏಕಾಂತದಲ್ಲಿಯೋ ಕೆಲವೇ ಮಂದಿಯ ಜೊತೆಯಲ್ಲಿಯೋ ಪರೀಕ್ಷಿಸುವುದಕ್ಕೆ. ರಚನೆಯ ವೇಳೆಗೂ ಪರೀಕ್ಷೆಯ ವೇಳೆಗೂ ನಡುವೆ ಅಂತರವಿರಬೇಕು. ಅದೇಕೆಂದರೆ ರಸಾವೇಶದಿಂದ ಬರೆಯುತ್ತಿರುವವನಿಗೆ ಆಗಲೇ ಗುಣದೋಷಗಳ ವಿವೇಚನೆ ಹುಟ್ಟುವುದಿಲ್ಲ. ಹೆಚ್ಚಾದುದನ್ನು ತೆಗೆದುಹಾಕುವುದು, ಕಡಿಮೆಯಾದುದನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಬದಲಿಸುವುದು, ಮರೆತುದನ್ನು ನೆನೆಯುವುದು ಇವು ನಾಲ್ಕನೆಯ ಯಾಮದ ಕೆಲಸ. ಸಾವಿರದ ನೂರು ವರ್ಷಗಳ ಹಿಂದಿನ ಈ ದಿನಚರಿಯನ್ನು ಇಂದಿನ ಬರೆಹಗಾರನು ಯಾವ ಬದಲಾವಣೆಯೂ ಇಲ್ಲದೆ ಅನುಸರಿಸಬಹುದಾಗಿದೆ.

ರಾಜಶೇಖರನು ವರ್ಣಿಸುವ ರಾಜಸಭೆಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಅರಸನ ಉತ್ತರಕ್ಕೆ ಸಂಸ್ಕೃತ ಕವಿಗಳು, ಪೂರ್ವಕ್ಕೆ ಪ್ರಾಕೃತ ಕವಿಗಳು, ಪಶ್ಚಿಮಕ್ಕೆ ಅಪಭ್ರಂಶ ಕವಿಗಳು, ದಕ್ಷಿಣಕ್ಕೆ ಪೈಶಾಚೀ ಕವಿಗಳು ಕುಳಿತಿರಬೇಕು. ಪ್ರಾಕೃತ ಕವಿಗಳ ಬೆನ್ನಿಗೆ ನಟರು, ನರ್ತಕರು, ಗಾಯಕರು, ವಾದಕರು. ಅಪಭ್ರಂಶ ಕವಿಗಳ ಬೆನ್ನಿಗೆ ಚಿತ್ರಕಾರರು, ರತ್ನ ಕೂಡಿಸುವವರು, ಅಕ್ಕಸಾಲೆಗಳು, ಬಡಗಿಗಳು, ಕಮ್ಮಾರರು. ಕಮ್ಮಾರನು ಕುಳಿತಿರುವ ಸಭೆಯಲ್ಲಿ ಕವಿಯು ತನ್ನ ಕಾವ್ಯವನ್ನು ಓದಬೇಕು. ಇಂಥ ಸಭೆಯು ಹೀಗೆಯೇ ನಿತ್ಯವೂ ಸೇರುತ್ತಿದ್ದಿತೆಂದು ಭಾವಿಸಬೇಕಾಗಿಲ್ಲ. ಆದರೂ ಆದರ್ಶವೊಂದನ್ನು ಕಲ್ಪಿಸಿಕೊಂಡಾಗ ಕವಿಯ ಪಕ್ಕದಲ್ಲಿ ಯಾರನ್ನು ಕೂರಿಸಬೇಕೆಂದು ಆ ಕಾಲದವರಿಗೆ ತೋರಿತು ಎಂಬುದೇ ಒಂದು ಐತಿಹಾಸಿಕ ಸಂಗತಿ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು, ಕನ್ನಡ ನಾಡಿನ ಜನರು ವಿಧಿವತ್ತಾಗಿ ಓದದೆಯೇ ಕಾವ್ಯಪ್ರಯೋಗದಲ್ಲಿ ಪರಿಣತರಾಗಿದ್ದರೆಂದು ಹೊಗಳುವುದು ಸರ್ವವಿದಿತ. ಹಾಗಿದ್ದಲ್ಲಿ ಮೆಟ್ಟಿಲುಗಳೇಕೆ, ಯಾಮಗಳೇಕೆ? ಓದದಿರುವುದು ಬೇರೆ, ಕಲಿಯದಿರುವುದು ಬೇರೆ ಎಂಬುದೇ ಇದಕ್ಕೆ ಉತ್ತರ. ಹಾಡು, ಕುಣಿತ, ಕಥೆ ಇವು ಊರಿನ ನಿತ್ಯಜೀವನದಲ್ಲಿ ಬೆರೆತಿದ್ದಾಗ ಕಿವಿಯೇ ಶಾಲೆಯಾಗುತ್ತದೆ. ಅಂಥ ಕಿವಿಯುಳ್ಳ ಜನಸಮುದಾಯವಿಲ್ಲದೆ ಯಾವ ಮಹಾಕವಿಯೂ ಬೆಳೆಯಲಾರನು. ಆದುದರಿಂದ ಈ ಮಾತು ನಮ್ಮ ವಾದಕ್ಕೆ ವಿರೋಧಿಯಾಗದೆ ಪೋಷಕವೇ ಆಗುತ್ತದೆ.

೪

ಇನ್ನು ಶಾಸ್ತ್ರದಿಂದ ಶಾಸನಕ್ಕೆ ಬರೋಣ. ಮಾರ್ಕಂಡೇಯನು ಹೇಳಿದ ಮೆಟ್ಟಿಲುಗಳನ್ನು ನಿಜವಾಗಿ ಹತ್ತಿದವರು ಯಾರು? ಕರ್ನಾಟಕದಲ್ಲಿ ಇದಕ್ಕೆ ದೊರೆಯುವ ಸಾಮಗ್ರಿ ಸಮೃದ್ಧವಾಗಿದೆ. ಇಲ್ಲಿನ ಶಿಲ್ಪಿಗಳಲ್ಲಿ ಹಲವರು ತಮ್ಮ ಹೆಸರುಗಳನ್ನು ಕಲ್ಲಿನಲ್ಲಿ ಉಳಿಸಿಹೋಗಿದ್ದಾರೆ.

ಮೊದಲು ಪಟ್ಟದಕಲ್ಲನ್ನು ನೋಡಬಹುದು. ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ (೭೩೩-೭೪೪) ಕಂಚಿಯ ವಿಜಯದ ಸ್ಮರಣಾರ್ಥವಾಗಿ ರಾಣಿ ಲೋಕಮಹಾದೇವಿಯು ಕಟ್ಟಿಸಿದ ದೇವಾಲಯವೇ ಇಂದಿನ ವಿರೂಪಾಕ್ಷ ದೇವಾಲಯ. ಅದನ್ನು ರಚಿಸಿದ ಸೂತ್ರಧಾರಿಯು ಅನಿವಾರಿತಾಚಾರಿ ಎಂಬ ಬಿರುದಿನ ಗುಂಡ. ಆತನಿಗೆ 'ತ್ರಿಭುವನಾಚಾರಿ' ಎಂಬ ಬಿರುದನ್ನಿತ್ತು ಗೌರವಿಸಿದುದನ್ನು ಅಲ್ಲಿನ ಶಾಸನವು ತಿಳಿಸುತ್ತದೆ. ಅದೇ ರಾಣಿಯು ಗಾಯಕರಿಗೆ ಹಿಂದಿನಿಂದ ಬಂದಿದ್ದ ಮರ್ಯಾದೆಗಳನ್ನು ಸ್ಥಿರಪಡಿಸಿದುದನ್ನು ಅಲ್ಲಿಯ ಮತ್ತೊಂದು ಶಾಸನವು ಹೇಳುತ್ತದೆ. ಭರತನ ಮತವನ್ನು ಅನುಸರಿಸಿದ ಅಚಲನೆಂಬ ನಟನ ಪ್ರಶಂಸೆಯೂ ಪಟ್ಟದಕಲ್ಲಿನಲ್ಲಿಯೇ ದೊರೆಯುತ್ತದೆ. ಕಟ್ಟಡದ ಶಿಲ್ಪಿ, ಹಾಡುವವರು, ನಟ ಈ ಮೂವರೂ ಒಂದೇ ಊರಿನ ಶಾಸನಗಳಲ್ಲಿ ಮಾನ್ಯತೆ ಪಡೆದಿರುವುದು ಗಮನಿಸತಕ್ಕ ವಿಷಯ.

ಹನ್ನೆರಡನೆಯ ಶತಮಾನದ ವೇಳೆಗೆ ಈ ಸಹವಾಸವು ಶಾಸ್ತ್ರಗ್ರಂಥದ ರೂಪವನ್ನೂ ತಾಳಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ'ಯು ಐದು ವಿಂಶತಿಗಳಲ್ಲಿ, ನೂರು ಅಧ್ಯಾಯಗಳಲ್ಲಿ ಹರಡಿದೆ. ಗೋಡೆಯನ್ನು ಚಿತ್ರಕ್ಕೆ ಅಣಿಗೊಳಿಸುವ ಬಗೆ, ಎಮ್ಮೆಯ ಚರ್ಮವನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ಮಾಡುವ ಬಗೆ, ರೇಖೆಯ ಸೂಕ್ಷ್ಮತೆ ಇವುಗಳನ್ನು ವಿವರಿಸುವ ಗ್ರಂಥಕಾರನೇ ಗೀತ, ವಾದ್ಯ, ನೃತ್ಯ ವಿನೋದಗಳನ್ನೂ ವಿಸ್ತಾರವಾಗಿ ನಿರೂಪಿಸುತ್ತಾನೆ. ಮುಂದಿನ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿ 'ಸಂಗೀತರತ್ನಾಕರ'ವನ್ನು ಬರೆದ ಶಾರ್ಙ್ಗದೇವನು ಗೀತ, ವಾದ್ಯ, ನೃತ್ತ ಮೂರೂ ಸೇರಿ ಸಂಗೀತವೆನಿಸುತ್ತವೆಂದು ಹೇಳಿದನು. ಹಾಡುವುದೊಂದನ್ನೇ ಸಂಗೀತವೆನ್ನುವ ಇಂದಿನ ರೂಢಿಯು ಆ ಅರ್ಥದ ಸಂಕೋಚ.

೫

ಬೇಲೂರು ನಮ್ಮ ಪರೀಕ್ಷೆಗೆ ಅತ್ಯಂತ ಅನುಕೂಲವಾದ ಸ್ಥಳ. ಹೊಯ್ಸಳ ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯ ವಿಗ್ರಹಗಳು ಒಟ್ಟು ೪೨. ಇವುಗಳಲ್ಲಿ ೩೮ ಹೊರಗೆ, ೪ ನವರಂಗದ ಒಳಗೆ. ಇವುಗಳಲ್ಲಿ ಹಲವು ನರ್ತಿಸುವ ಭಂಗಿಯಲ್ಲಿವೆ. ನರ್ತಕಿಯ ಕಾಲಬಳಿ ಮದ್ದಳೆಯವರೂ ತಾಳದವರೂ ಚಿಕ್ಕ ಆಕೃತಿಗಳಲ್ಲಿ ಕಾಣುತ್ತಾರೆ. ಶರೀರದ ಭಾರವು ಒಂದು ಪಾದದ ಮೇಲೆ ನಿಂತಿದೆ; ನಡುವು ಒಂದು ಕಡೆಗೆ ಸರಿದಿದೆ; ಆ ಸರಿತವನ್ನು ತೋಳುಗಳು ಮತ್ತೊಂದು ಕಡೆಯಿಂದ ತೂಗಿವೆ. ನರ್ತನದ ಅಸಂಖ್ಯ ಕ್ಷಣಗಳಲ್ಲಿ ಯಾವ ಕ್ಷಣವನ್ನು ನಿಲ್ಲಿಸಿದರೆ ಅದರ ಹಿಂದಿನ ಮತ್ತು ಮುಂದಿನ ಚಲನೆಗಳು ನೋಡುವವನಿಗೆ ಹೊಳೆಯುತ್ತವೆ ಎಂಬುದನ್ನು ಶಿಲ್ಪಿಯು ಆರಿಸಬೇಕಾಗಿತ್ತು. ಆ ಆಯ್ಕೆಯೇ ಇಲ್ಲಿ ಸೃಷ್ಟಿ. ಉಳಿದುದು ಚಾಣದ ಕೆಲಸ. ನರ್ತನದ ನಡೆಯನ್ನು ಅರಿಯದವನು ಈ ಆಯ್ಕೆಯನ್ನು ಮಾಡಲಾರನು.

ಆ ಅರಿವು ಶಿಲ್ಪಿಗೆ ಎಲ್ಲಿಂದ ಬಂದಿತು? ಮೂರು ದಾರಿಗಳನ್ನು ಗುರುತಿಸಬಹುದು.

ಮೊದಲನೆಯದು ಆಸ್ಥಾನ. ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲದೇವಿಯನ್ನು ಶಾಸನಗಳು ಗೀತ, ವಾದ್ಯ, ನೃತ್ಯಗಳಲ್ಲಿ ಪ್ರವೀಣೆಯೆಂದು ಬಣ್ಣಿಸುತ್ತವೆ. ಆಕೆ ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನೂ ಶ್ರವಣಬೆಳಗೊಳದಲ್ಲಿ ೧೧೨೩ರಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದವಳು. ಕಟ್ಟಿಸುವವರೇ ಕಲೆಯನ್ನು ಬಲ್ಲವರಾಗಿದ್ದಾಗ ಶಿಲ್ಪಿಗೆ ದೊರೆಯುವುದು ಧನವೊಂದೇ ಅಲ್ಲ. ನುರಿತ ಕಣ್ಣಿನ ವಿಮರ್ಶೆಯೂ ದೊರೆಯುತ್ತದೆ.

ಎರಡನೆಯದು ದೇವಾಲಯದ ಅಂಗಳ. ನವರಂಗದ ನಡುವೆ ಎತ್ತರಿಸಿದ ವೃತ್ತಾಕಾರದ ಕಲ್ಲಿನ ವೇದಿಕೆಯಿದೆ. ನೃತ್ಯಸೇವೆ ನಡೆಯುತ್ತಿದ್ದುದು ಅಲ್ಲಿ. ಕಲ್ಲಿನ ನರ್ತಕಿಯು ಜೀವಂತ ನರ್ತಕಿಗೆ ಕೆಲವೇ ಅಡಿಗಳ ದೂರದಲ್ಲಿ, ಆಕೆಯ ತಲೆಯ ಮೇಲೆಯೇ ನೆಲೆಸಿದ್ದಳು. ಶಿಲ್ಪದಲ್ಲಿ ಸುಳ್ಳು ಭಂಗಿಯಿದ್ದರೆ ಅದನ್ನು ಕಂಡುಹಿಡಿಯಬಲ್ಲವರು ನಿತ್ಯವೂ ಅದರ ಕೆಳಗೆ ಕುಣಿಯುತ್ತಿದ್ದರು.

ಮೂರನೆಯದು ಊರು. ಬೇಲೂರಿನ ವಿಗ್ರಹಗಳಲ್ಲಿ ಹೆಸರು ಕೆತ್ತಿಕೊಂಡವರ ಪೈಕಿ ಪ್ರಮುಖರಾದ ದಾಸೋಜ ಮತ್ತು ಆತನ ಮಗ ಚಾವಣ ಇಬ್ಬರೂ ಬಳ್ಳಿಗಾವೆಯವರು. ಈ ಹೆಸರಿನ ಕೊನೆಯಲ್ಲಿರುವ 'ಓಜ' ಎಂಬುದು 'ಉಪಾಧ್ಯಾಯ' ಶಬ್ದದ ತದ್ಭವ; ಶಿಲ್ಪಿಯ ಹೆಸರಿನಲ್ಲಿಯೇ ಗುರುತ್ವವು ಸೇರಿಕೊಂಡಿದೆ. ಇಂದಿನ ಶಿವಮೊಗ್ಗ ಜಿಲ್ಲೆಗೆ ಸೇರಿದ ಬಳ್ಳಿಗಾವೆಯು ಅಂದು ದೇವಾಲಯಗಳಿಗೂ ಮಠಗಳಿಗೂ ಹೆಸರಾದ ಪಟ್ಟಣ. ಅಲ್ಲಿನ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವು, ವೇದ, ವ್ಯಾಕರಣ, ದರ್ಶನಗಳ ಜೊತೆಗೆ ಕಾವ್ಯ ಮತ್ತು ನಾಟಕಗಳ ವ್ಯಾಸಂಗವೂ ಅಲ್ಲಿ ನಡೆಯುತ್ತಿದ್ದಿತೆಂದು ತಿಳಿಸುತ್ತದೆ. ಅನ್ನದಾನವೂ ರೋಗಿಗಳ ಶುಶ್ರೂಷೆಯೂ ಅದೇ ಮಠದಲ್ಲಿದ್ದುವು. ಹರಿಹರನ ರಗಳೆಯಲ್ಲಿ ಅಲ್ಲಮನು ಮದ್ದಳೆ ಬಾರಿಸುವ ತರುಣನಾಗಿ ಕಾಣಿಸಿಕೊಳ್ಳುವುದೂ ಇದೇ ಬಳ್ಳಿಗಾವೆಯಲ್ಲಿ. ದಾಸೋಜನು ಈ ಮಠದಲ್ಲಿ ನಾಟಕವನ್ನು ಓದಿದನೆಂದು ಇದರಿಂದ ಸಿದ್ಧವಾಗುವುದಿಲ್ಲ. ಶಾಸನವು ಬೇಲೂರಿನ ಪ್ರತಿಷ್ಠೆಗಿಂತ ೪೫ ವರ್ಷ ಈಚಿನದು. ಉಳಿಯ ಸದ್ದು, ಮದ್ದಳೆಯ ಸದ್ದು, ಕಾವ್ಯಪಾಠದ ಸದ್ದು ಒಂದೇ ಊರಿನಲ್ಲಿ ಕೇಳಿಬರುತ್ತಿದ್ದುವೆಂಬಷ್ಟನ್ನು ಮಾತ್ರ ನಾವು ಇದರಿಂದ ಗ್ರಹಿಸಬಹುದು. ನಮ್ಮ ವಾದಕ್ಕೆ ಅಷ್ಟು ಸಾಕು.

ಅಮೃತಾಪುರದ ಅಮೃತೇಶ್ವರ ದೇವಾಲಯವು ಇನ್ನೊಂದು ನಿದರ್ಶನ. ೧೧೯೬ರ ಈ ದೇವಾಲಯದ ದೊಡ್ಡ ಶಾಸನವನ್ನು ರಚಿಸಿದವನು 'ಯಶೋಧರ ಚರಿತೆ'ಯ ಕವಿ ಜನ್ನ. ಭಿತ್ತಿಯ ಮೇಲೆ ಶಿಲ್ಪಿಯು ರಾಮಾಯಣ ಭಾರತಗಳ ಕಥೆಗಳನ್ನು ಕೆತ್ತಿದ್ದಾನೆ. ಕಲ್ಲಿನ ಫಲಕದ ಮೇಲೆ ಕವಿಯು ಪದ್ಯಗಳನ್ನು ಬರೆಸಿದ್ದಾನೆ. ಇಬ್ಬರಿಗೂ ಪುಟವೊಂದೇ.

ಇದರ ಜೊತೆಗೆ ಸ್ಪರ್ಧೆಯನ್ನೂ ನೆನೆಯಬೇಕು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಮಲ್ಲಿತಮ್ಮ ಮತ್ತು ಬೈಚೋಜ ಎಂಬ ಇಬ್ಬರು ರೂವಾರಿಗಳು ಒಂದೊಂದು ಪಾರ್ಶ್ವವನ್ನು ವಹಿಸಿಕೊಂಡು ಕೆಲಸ ಮಾಡಿರುವುದು ಅವರ ಅಂಕಿತಗಳಿಂದ ತಿಳಿಯುತ್ತದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಅಂಕಿತವುಳ್ಳ ವಿಗ್ರಹಗಳು ೪೦ರ ಸುಮಾರು. ಪ್ರತಿಸ್ಪರ್ಧಿಗಳನ್ನು ಹಳಿಯುವ ಬಿರುದುಗಳನ್ನು ಧರಿಸಿದ ರೂವಾರಿಗಳೂ ಇದ್ದರು. ನೆರೆಯ ಕಲೆಯಿಂದ ಕಲಿಯುವಷ್ಟೇ ತನ್ನ ಕಲೆಯ ನೆರೆಯವನನ್ನು ಮೀರಿಸಲು ಹವಣಿಸುವುದೂ ಸೃಷ್ಟಿಶಕ್ತಿಯನ್ನು ಹರಿತಗೊಳಿಸಿರಬೇಕು.

ಹೊಯ್ಸಳ ಶಿಲ್ಪವನ್ನು ಕುರಿತು ಪರ್ಸಿ ಬ್ರೌನ್ ಮೊದಲಾದ ವಿಮರ್ಶಕರು, ಇದು ಕಲ್ಲಿನ ಕೆಲಸಕ್ಕಿಂತ ದಂತ, ಗಂಧದ ಮರ ಮತ್ತು ಚಿನ್ನದ ಕೆಲಸವನ್ನು ಹೋಲುತ್ತದೆಂದು ಅಭಿಪ್ರಾಯಪಟ್ಟಿದ್ದಾರೆ. ಇದನ್ನು ದೋಷವೆಂದು ಎಣಿಸುವವರಿದ್ದಾರೆ. ಆದರೆ ಗಣಿಯಿಂದ ತೆಗೆದಾಗ ಮೃದುವಾಗಿರುವ ಬಳಪದ ಕಲ್ಲು ಕೈಗೆ ದೊರೆತಾಗ, ಅಕ್ಕಸಾಲೆಯ ಮತ್ತು ದಂತಶಿಲ್ಪಿಯ ಕೈಚಳಕವನ್ನು ಅದಕ್ಕೆ ಅನ್ವಯಿಸಬಹುದೆಂದು ಹೊಳೆದುದೇ ಒಂದು ಹೊಸ ಶೈಲಿಯ ಹುಟ್ಟಿಗೆ ಕಾರಣವಾಯಿತು. ಒಂದು ಕಸುಬಿನ ರಹಸ್ಯವು ಇನ್ನೊಂದು ಕಸುಬಿಗೆ ದಾಟಿದಾಗ ಹೊಸದು ಹುಟ್ಟುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ಬೇಕಿಲ್ಲ.

೬

ಮೇಲಿನ ಸಾಮಗ್ರಿಯಿಂದ ನಾವು ಮುಟ್ಟಬಹುದಾದ ನಿರ್ಣಯವು ಗ್ರಂಥದ ಮಾತಿಗಿಂತ ಸ್ವಲ್ಪ ಬೇರೆಯಾಗಿದೆ. ಮಾರ್ಕಂಡೇಯನ ಮೆಟ್ಟಿಲುಗಳನ್ನು ಒಬ್ಬನೇ ವ್ಯಕ್ತಿ ಆದ್ಯಂತವಾಗಿ ಹತ್ತಿದುದಕ್ಕೆ ಶಾಸನಾಧಾರವಿಲ್ಲ. ಹತ್ತಿದುದು ಒಂದು ಸಮುದಾಯ. ದಾಸೋಜನು ಹಾಡುಗಾರನಾಗಿರಬೇಕಾದುದಿರಲಿಲ್ಲ, ಆದರೆ ಹಾಡುಗಾರರ, ನರ್ತಕಿಯರ, ಕವಿಗಳ ನಡುವೆ ಕೆಲಸ ಮಾಡುವವನಾಗಿದ್ದನು. ನೆರೆಯ ಕಲೆಯಲ್ಲಿ ಪಾಂಡಿತ್ಯ ಬೇಕಿರಲಿಲ್ಲ. ಅದು ತನ್ನ ಕಲೆಯಿಂದ ಏನನ್ನು ಬೇಡುತ್ತದೆಂಬುದರ ತಿಳಿವು ಬೇಕಾಗಿತ್ತು. ಸೃಷ್ಟಿಶಕ್ತಿಯ ಸಂಸ್ಕಾರವೆಂಬುದು ವ್ಯಕ್ತಿಯ ಸಾಧನೆಯಾಗಿರುವಂತೆಯೇ ನೆರೆಹೊರೆಯ ವ್ಯವಸ್ಥೆಯೂ ಆಗಿದೆ.

ಈ ವ್ಯವಸ್ಥೆಯು ನಿರ್ದೋಷವಾಗಿದ್ದಿತೆಂದು ಯಾರೂ ಹೇಳಲಾರರು. ಕಸುಬು ಹೆಚ್ಚಾಗಿ ವಂಶದ ಸೊತ್ತಾಗಿದ್ದಿತು. ಹೊರಗಿನವನಿಗೆ ಪ್ರವೇಶ ದುರ್ಲಭ. ಮದನಿಕೆಗಳಿಗೆ ತಮ್ಮ ಭಂಗಿಗಳನ್ನು ಎರವಲು ಕೊಟ್ಟ ನರ್ತಕಿಯರ ಹೆಸರುಗಳನ್ನು ಆ ವಿಗ್ರಹಗಳ ಕೆಳಗೆ ಯಾರೂ ಕೆತ್ತಲಿಲ್ಲ. ಅಲ್ಲಿರುವುದು ರೂವಾರಿಯ ಹೆಸರು ಮಾತ್ರ. ಹಾಗೂ ಆಶ್ರಯದ ಮೇಲೆ ನಿಂತ ವ್ಯವಸ್ಥೆಯು ಆಶ್ರಯದೊಡನೆಯೇ ಕುಸಿಯುತ್ತದೆ. ಹದಿಮೂರನೆಯ ಶತಮಾನದ ಕೊನೆಯ ವೇಳೆಗೇ ಹೊಯ್ಸಳರ ದೊಡ್ಡ ನಿರ್ಮಾಣಗಳು ಕಡಿಮೆಯಾಗಿದ್ದುವು. ೧೩೧೧ರಲ್ಲಿ ಮಲಿಕ್ ಕಾಫೂರನ ಸೈನ್ಯವು ದೋರಸಮುದ್ರದ ಮೇಲೆ ಬಿದ್ದಿತು. ಅದೇ ಶತಮಾನದ ನಡುಭಾಗದಲ್ಲಿ ಆ ಪ್ರಭುತ್ವವೇ ಕೊನೆಗಂಡಿತು. ಮುಂದೆ ವಿಜಯನಗರದವರು ಗಟ್ಟಿಯಾದ ಕಣಶಿಲೆಯಲ್ಲಿ ಬೇರೊಂದು ಮಾರ್ಗವನ್ನು ಹಿಡಿದರು. ಉಳಿ ಹಿಡಿಯುವ ಕೈಗಳು ಒಂದು ತಲೆಮಾರಿನಲ್ಲಿ ಇಲ್ಲವಾಗುವುದಿಲ್ಲ. ಕೈಗಳ ಸುತ್ತಲಿನ ಸಭೆಯು ಚದರಿದರೆ ಮಾತ್ರ ಶೈಲಿಯೊಂದು ಹೀಗೆ ನಿಂತುಹೋಗುತ್ತದೆ.

೭

ಆಧುನಿಕ ಕಾಲದಲ್ಲಿ ಅಂಥ ಸಭೆಯು ತಾನಾಗಿ ಒದಗುವುದಿಲ್ಲ. ಕಲಾವಿದನು ಅದನ್ನು ಅರಸಿಕೊಂಡು ಹೋಗಬೇಕಾಗುತ್ತದೆ. ನಮ್ಮ ನಾಡಿನ ಇಬ್ಬರು ಚಿತ್ರಕಾರರ ಜೀವನವು ಇದನ್ನು ತೋರಿಸುತ್ತದೆ.

೧೯೬೫ರಲ್ಲಿ ತೀರಿಕೊಂಡ ಕೆ. ವೆಂಕಟಪ್ಪನವರು ಮೈಸೂರಿನ ಚಿತ್ರಕಾರ ಮನೆತನದವರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಹಿಂದಿರುಗಿದ ಮೇಲೆ ವೀಣೆ ಶೇಷಣ್ಣನವರಲ್ಲಿ (೧೮೫೨-೧೯೨೬) ವೀಣೆಯನ್ನು ಅಭ್ಯಾಸ ಮಾಡಿದರು. ಊಟಿ ಮತ್ತು ಕೊಡೈಕನಾಲಿನ ಗಿರಿದೃಶ್ಯಗಳನ್ನು ಚಿತ್ರಿಸಿದ ಅವರ ಜಲವರ್ಣಗಳಲ್ಲಿ ಒಂದು ಬಣ್ಣವು ಮತ್ತೊಂದಕ್ಕೆ ಮೆಲ್ಲನೆ ಜಾರುವ ಬಗೆಯನ್ನು ಕಂಡಾಗ, ಸ್ವರದಿಂದ ಸ್ವರಕ್ಕೆ ಗಮಕವು ಜಾರುವ ರೀತಿ ನೆನಪಿಗೆ ಬಾರದಿರದು. ಎರಡನೆಯ ಕಲೆಯು ಮೊದಲನೆಯದನ್ನು ನುಂಗಿಬಿಡುವ ಅಪಾಯವನ್ನೂ ಅವರು ಅರಿತಿದ್ದರು. ತಮ್ಮ ವೀಣೆಯ ವ್ಯಾಮೋಹವನ್ನೇ ವಸ್ತುವಾಗಿಟ್ಟುಕೊಂಡು ಕೃತಿಯೊಂದನ್ನು ರಚಿಸಿದರು.

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಕೆ. ಕೆ. ಹೆಬ್ಬಾರರು (೧೯೧೧-೧೯೯೬) ಲಯವನ್ನು ಒಳಗಿನಿಂದ ತಿಳಿಯಬೇಕೆಂದು ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನು ಕಲಿತರು. ರಂಗದ ಮೇಲೆ ಕುಣಿಯುವುದು ಅವರ ಗುರಿಯಾಗಿರಲಿಲ್ಲ. ಕುಂಚವನ್ನು ಕುಣಿಸುವುದು ಗುರಿಯಾಗಿದ್ದಿತು. ನರ್ತಕರನ್ನೂ ವಾದಕರನ್ನೂ ಕೆಲವೇ ಗೆರೆಗಳಲ್ಲಿ ಹಿಡಿದಿಡುವ ಅವರ ರೇಖಾಚಿತ್ರಗಳ ಸಂಪುಟಕ್ಕೆ 'ದಿ ಸಿಂಗಿಂಗ್ ಲೈನ್', ಎಂದರೆ 'ಹಾಡುವ ರೇಖೆ' ಎಂಬ ಹೆಸರು ಬಂದುದು ಸಾರ್ಥಕವಾಗಿದೆ. ಚಿತ್ರಸೂತ್ರದ ಮೆಟ್ಟಿಲನ್ನು ಇಪ್ಪತ್ತನೆಯ ಶತಮಾನದ ಕಲಾವಿದನೊಬ್ಬನು ತನ್ನ ಕಾಲಿನಿಂದಲೇ ಹತ್ತಿ ನೋಡಿದಂತಾಯಿತು.

೮

ಕಾಲೇಜುಗಳಲ್ಲಿ ಪಾಠ ಹೇಳುವವರಿಗೂ ಕಲಿಯುವವರಿಗೂ ಈ ವಿಚಾರದಿಂದ ಆಗಬೇಕಾದ ಪ್ರಯೋಜನವೇನು? ಹೊಸ ಪದವಿಯನ್ನಾಗಲಿ ಹೊಸ ಕಟ್ಟಡವನ್ನಾಗಲಿ ಇದು ಬೇಡುವುದಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಪ್ರತಿವರ್ಷವೂ ವಿದ್ಯಾರ್ಥಿಗಳ ತಂಡಗಳು ಅಲ್ಲಿಗೆ ಹೋಗಿಬರುತ್ತವೆ. ಅರಸರ ಹೆಸರು, ಇಸವಿ, ನಕ್ಷತ್ರಾಕಾರದ ಜಗತಿ ಇಷ್ಟನ್ನು ಬರೆದುಕೊಂಡು ಹಿಂದಿರುಗುವುದು ರೂಢಿ. ಅದೇ ತಂಡದಲ್ಲಿ ನೃತ್ಯ ಕಲಿತ ಒಬ್ಬ ವಿದ್ಯಾರ್ಥಿನಿಯಿದ್ದು, ಮದನಿಕೆಯ ಭಂಗಿಯಲ್ಲಿ ತಾನು ನಿಂತು, ಭಾರವು ಯಾವ ಪಾದದ ಮೇಲೆ ಬೀಳುತ್ತದೆಂಬುದನ್ನು ಹೇಳಲಿ. ಮೃದಂಗ ಬಲ್ಲವನು ಶಿಲ್ಪದ ಮದ್ದಳೆಗಾರನ ಕೈಗಳನ್ನು ನೋಡಲಿ. ಮಿಕ್ಕವರು ಛಾಯಾಚಿತ್ರವನ್ನು ತೆಗೆಯುವ ಮೊದಲು ಪೆನ್ಸಿಲಿನಿಂದ ಒಂದು ರೇಖಾಚಿತ್ರವನ್ನು ಬರೆಯಲಿ. ಚೆನ್ನಾಗಿ ಬಾರದಿದ್ದರೂ ಚಿಂತೆಯಿಲ್ಲ, ಕಣ್ಣು ಕಲಿಯುತ್ತದೆ. ಕಥೆ ಕವಿತೆಗಳನ್ನು ಬರೆಯುವ ವಿದ್ಯಾರ್ಥಿಗಳಿಗೆ ರಾಜಶೇಖರನ ನಾಲ್ಕು ಯಾಮಗಳನ್ನು ತಿಳಿಸಿ, ಬೆಳಗ್ಗೆ ಬರೆದುದನ್ನು ಸಂಜೆ ತಿದ್ದುವ ಅಭ್ಯಾಸವನ್ನು ಹಿಡಿಸಲಿ. ಅವರ ಗೋಷ್ಠಿಗೆ ಚಿತ್ರ ಬರೆಯುವವನನ್ನೂ ಮರಗೆಲಸ ಬಲ್ಲವನನ್ನೂ ಕರೆಯಲಿ.

ಇತಿಹಾಸದ ವಿದ್ಯಾರ್ಥಿಗೆ ಇದು ಆಧಾರಗಳನ್ನು ಓದುವ ವಿಧಾನಕ್ಕೆ ಸಂಬಂಧಪಟ್ಟುದು. ಲಿಪಿಯನ್ನು ಬಲ್ಲವನು ದಾಸೋಜನ ಹೆಸರನ್ನು ಓದಬಲ್ಲನು. ನೃತ್ಯವನ್ನು ಸ್ವಲ್ಪವಾದರೂ ಬಲ್ಲವನು ದಾಸೋಜನು ಮಾಡಿದ ಆಯ್ಕೆಯನ್ನು ಓದಬಲ್ಲನು. ಎರಡೂ ಆಧಾರಗಳೇ.

ಹಿಂದಿನ ಆಸ್ಥಾನಗಳನ್ನಾಗಲಿ ವಂಶಪರಂಪರೆಯ ಕಟ್ಟಳೆಗಳನ್ನಾಗಲಿ ನಾವು ಮರಳಿ ತರಬೇಕಾಗಿಲ್ಲ. ತರುವುದು ಯುಕ್ತವೂ ಅಲ್ಲ. ಅಂದಿನ ಅಂಗಳಗಳಲ್ಲಿ ಕಲೆಗಳು ಒಂದರ ಪಕ್ಕದಲ್ಲೊಂದು ಇದ್ದುವು, ಆದರೆ ಪ್ರವೇಶವು ಕೆಲವರಿಗೆ ಮಾತ್ರ. ಇಂದಿನ ಕಾಲೇಜುಗಳಲ್ಲಿ ಪ್ರವೇಶವು ಎಲ್ಲರಿಗೂ ಉಂಟು, ಆದರೆ ಕಲೆಗಳು ದೂರ ದೂರ ಕುಳಿತಿವೆ. ಅವುಗಳನ್ನು ಮತ್ತೆ ಹತ್ತಿರಕ್ಕೆ ತಂದು ಕೂರಿಸುವುದು ಅಧ್ಯಾಪಕರಾದ ನಮ್ಮ ಕೈಯಲ್ಲಿರುವ ಕೆಲಸ.